ಜಾಕ್ ಈವ್ ಕುಸ್ಟೊ (1910–1997): ಕಡಲತಳದ ಪುರಾವೆಗಳಿಗೆ ದಾರಿ ತೆರೆದ ನಾವಿಕ

ತಮ್ಮ ಬಳಿಯಿರುವ ಪ್ರಾಚ್ಯವಸ್ತುಗಳ ನೋಂದಣಿ ಮತ್ತಿತರ ಪುರಾತತ್ತ್ವ ಸಂಬಂಧಿ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರನ್ನು, ಆ ವಸ್ತು ಎಲ್ಲಿಂದ ಮತ್ತು ಯಾವ ರೀತಿಯಲ್ಲಿ ದೊರೆಯಿತು ಎಂದು ಕೇಳುವುದು ವಾಡಿಕೆ. ವಸ್ತುವೇ ಕಣ್ಣೆದುರಿಗಿರುವಾಗ ಅದು ದೊರೆತ ಸ್ಥಳದ ವಿಚಾರಣೆ ಏಕೆ ಎಂಬ ಸಂದೇಹ ಹಲವರಲ್ಲಿ ಮೂಡುವುದು ಸಹಜ. ಕಡಲತಳಕ್ಕೆ ಮನುಷ್ಯನ ಪ್ರವೇಶವನ್ನು ಸುಗಮಗೊಳಿಸಿದ ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್ ಈವ್ ಕುಸ್ಟೊರವರ ಜೀವನದ ಒಂದು ಪ್ರಮುಖ ಅಧ್ಯಾಯವು ಈ ಸಂದೇಹಕ್ಕೆ ತಕ್ಕ ಉತ್ತರವನ್ನು ಒದಗಿಸುತ್ತದೆ. ಆದುದರಿಂದ ಅವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಕುಸ್ಟೊರವರು 1910ರ ಜೂನ್ 11ರಂದು ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಬೋರ್ಡೊ ನಗರದ ಸಮೀಪದ ಸೇಂತ್ ಆಂದ್ರೆ ದ ಕ್ಯೂಬ್ಜಾಕ್ ಎಂಬ ಊರಿನಲ್ಲಿ ಜನಿಸಿದರು. 1930ರಲ್ಲಿ ಬ್ರೆಸ್ಟ್ ನಗರದ ನೌಕಾ ಶಾಲೆಯನ್ನು ಸೇರಿದರು. ವಿಮಾನ ಚಾಲಕನಾಗಬೇಕೆಂಬುದು ಅವರ ಅಭಿಲಾಷೆಯಾಗಿತ್ತು. ಆದರೆ ತರಬೇತಿಯ ಕಾಲದಲ್ಲಿ ಸಂಭವಿಸಿದ ಮೋಟಾರು ಅಪಘಾತದಲ್ಲಿ ಎರಡೂ ತೋಳುಗಳಿಗೆ ತೀವ್ರ ಪೆಟ್ಟು ಬಿದ್ದು, ಆ ಆಸೆ ಕೈಗೂಡಲಿಲ್ಲ. ತೂಲೋನ್ ಬಂದರಿನಲ್ಲಿ ಸೇವೆಯಲ್ಲಿದ್ದಾಗ, ಸಹೋದ್ಯೋಗಿ ಫಿಲಿಪ್ ತಾಯ್ಯೇರವರ ಸಲಹೆಯಂತೆ ತೋಳುಗಳ ಬಲವರ್ಧನೆಗಾಗಿ ಸಮುದ್ರದಲ್ಲಿ ಈಜಲಾರಂಭಿಸಿದರು. 1936ರಲ್ಲಿ ಕನ್ನಡಕ ಧರಿಸಿ ಮೊದಲ ಬಾರಿಗೆ ನೀರಿನೊಳಗೆ ದೃಷ್ಟಿ ಹಾಯಿಸಿದಾಗ ಕಂಡ ಮೀನುಗಳು ಮತ್ತು ಜಲಸಸ್ಯಗಳು ಅವರ ಜೀವನದ ದಿಕ್ಕನ್ನೇ ಬದಲಿಸಿದವು. ಕೆಲಕಾಲದಲ್ಲೇ ನುರಿತ ಮುಳುಗುಗಾರ ಫ್ರೆಡರಿಕ್ ದ್ಯೂಮಾರವರೂ ಜೊತೆಗೂಡಿದರು. 1937ರಲ್ಲಿ ಸಿಮೋನ್ ಮೆಲ್ಷಿಯೋರ್‌ರವರೊಡನೆ ವಿವಾಹವಾಯಿತು. ಈ ಸಂಬಂಧವು ಮುಂದೆ ವೈಜ್ಞಾನಿಕ ಮಹತ್ವವನ್ನೂ ಪಡೆಯಿತು. ಸಿಮೋನ್‌ರವರ ತಂದೆ ಏರ್ ಲಿಕ್ವಿಡ್ ಎಂಬ ಅನಿಲ ಕಂಪನಿಯಲ್ಲಿ ಉನ್ನತ ಸ್ಥಾನದಲ್ಲಿದ್ದರು.

ಉಸಿರಾಟದ ಸಾಧನ

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಅಧಿಕವಾಗುತ್ತದೆ. ನಲವತ್ತು ಮೀಟರ್ ಆಳದಲ್ಲಿರುವ ಮನುಷ್ಯನ ಎದೆಯ ಮೇಲೆ ದಡದಲ್ಲಿರುವುದರ ಐದರಷ್ಟು ಒತ್ತಡವಿರುತ್ತದೆ. ಅಲ್ಲಿ ಉಸಿರಾಡಬೇಕಾದರೆ ಅದೇ ಒತ್ತಡದ ಗಾಳಿ ದೊರೆಯಬೇಕು. ಅಂದಿನವರೆಗೆ ಮುಳುಗುಗಾರರು ಲೋಹದ ಶಿರಸ್ತ್ರಾಣ, ಸೀಸದ ಪಾದರಕ್ಷೆಗಳನ್ನು ತೊಟ್ಟು, ದೋಣಿಯಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನೇ ನಂಬಿ ತಳದಲ್ಲಿ ನಡೆದಾಡಬೇಕಾಗಿತ್ತು. ಫ್ರಾನ್ಸಿನವರೇ ಆದ ಈವ್ ಲ ಪ್ರಿಯರ್‌ರವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರನ್ನು ರೂಪಿಸಿದ್ದರಾದರೂ, ಅದರಲ್ಲಿ ಗಾಳಿಯು ಎಡೆಬಿಡದೆ ಹರಿದು ಬೇಗನೆ ಮುಗಿದುಹೋಗುತ್ತಿತ್ತು. ಶುದ್ಧ ಆಮ್ಲಜನಕದ ಸಾಧನವನ್ನು ಪ್ರಯೋಗಿಸಿದ ಕುಸ್ಟೊರವರು ನೀರಿನೊಳಗೆ ಸೆಳವಿಗೆ ಸಿಲುಕಿ ಪ್ರಾಣಾಪಾಯದಿಂದ ಪಾರಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವ ತಲೆದೋರಿದ್ದರಿಂದ ಮೋಟಾರು ವಾಹನಗಳನ್ನು ಅನಿಲದಿಂದ ಚಲಾಯಿಸಲಾಗುತ್ತಿತ್ತು. ಎಂಜಿನ್ ಎಷ್ಟು ಸೆಳೆಯುವುದೋ ಅಷ್ಟೇ ಅನಿಲವನ್ನು ಬಿಡುವ ಕವಾಟವೊಂದನ್ನು ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್‌ರವರು ಸಿದ್ಧಪಡಿಸಿದ್ದರು. ಎಂಜಿನ್ನಿಗೆ ಒದಗಿದ್ದು ಮನುಷ್ಯನ ಶ್ವಾಸಕೋಶಕ್ಕೂ ಒದಗಬಲ್ಲದು ಎಂಬುದನ್ನು ಇಬ್ಬರೂ ಮನಗಂಡರು. 1943ರ ಆರಂಭದಲ್ಲಿ ಪ್ಯಾರಿಸ್ ಸಮೀಪದ ಮಾರ್ನ್ ನದಿಯಲ್ಲಿ ಪರೀಕ್ಷೆ ನಡೆಯಿತು. ಅಡ್ಡಲಾಗಿ ಈಜುವಾಗ ಸಾಧನವು ಸರಿಯಾಗಿ ಕೆಲಸ ಮಾಡಿತು. ಆದರೆ ನೆಟ್ಟಗೆ ನಿಂತಾಗ ಗಾಳಿ ವ್ಯರ್ಥವಾಗಿ ಹೊರನುಗ್ಗಿತು. ತಲೆಕೆಳಗಾದಾಗ ಉಸಿರೆಳೆಯುವುದೇ ದುಸ್ತರವಾಯಿತು. ಗಾಳಿಯನ್ನು ಒಳಬಿಡುವ ಮತ್ತು ಹೊರಬಿಡುವ ಭಾಗಗಳು ಬೇರೆ ಬೇರೆ ಮಟ್ಟದಲ್ಲಿದ್ದುದೇ ದೋಷಕ್ಕೆ ಕಾರಣವೆಂದು ತಿಳಿದು, ಎರಡನ್ನೂ ಒಂದೇ ಮಟ್ಟಕ್ಕೆ ತಂದೊಡನೆ ಸಮಸ್ಯೆ ಬಗೆಹರಿಯಿತು. ಅದೇ ವರ್ಷದ ಬೇಸಿಗೆಯಲ್ಲಿ ಮೆಡಿಟರೇನಿಯನ್ ಕರಾವಳಿಯ ಬಾಂಡೋಲ್ ಎಂಬಲ್ಲಿ ಕುಸ್ಟೊರವರು ಈ ಸಾಧನದೊಂದಿಗೆ ಸಮುದ್ರಕ್ಕಿಳಿದರು. ಆಕ್ವಾಲಂಗ್ ಎಂಬ ಹೆಸರಿನಿಂದ ಇದು ಲೋಕಪ್ರಸಿದ್ಧವಾಯಿತು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತೆರಳಿ ಹವಳ ಮತ್ತು ಮೀನುಗಳನ್ನು ಕಾಣಲು ಮುಳುಗುವ ಪ್ರವಾಸಿಗರು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಇದೇ ತತ್ತ್ವದ ಮೇಲೆ ಕಾರ್ಯನಿರ್ವಹಿಸುತ್ತದೆ.

ಈ ಸಾಧನೆಗೆ ತೆತ್ತ ಬೆಲೆಯನ್ನೂ ಇಲ್ಲಿ ದಾಖಲಿಸುವುದು ಉಚಿತ. ಆಳ ಹೆಚ್ಚಿದಂತೆ ಗಾಳಿಯಲ್ಲಿನ ಸಾರಜನಕವು ಮಿದುಳಿಗೆ ಅಮಲೇರಿಸುತ್ತದೆ; ಅವಸರದಿಂದ ಮೇಲೇರಿದರೆ ರಕ್ತದಲ್ಲಿ ಗುಳ್ಳೆಗಳಾಗಿ ಅಂಗಾಂಗಗಳನ್ನು ಕೆಡಿಸುತ್ತದೆ. 1947ರಲ್ಲಿ ಆಳದ ಮಿತಿಯನ್ನು ಪರೀಕ್ಷಿಸುವಾಗ ತಂಡದ ಅನುಭವಿ ಸದಸ್ಯ ಮೋರಿಸ್ ಫಾರ್ಗ್‌ರವರು ಪ್ರಜ್ಞೆ ತಪ್ಪಿ ಮೃತಪಟ್ಟರು.

ಮುಳುಗಿದ ಹಡಗುಗಳ ಕಡೆಗೆ

ಹೊಸ ಸಾಧನವನ್ನು ತೊಟ್ಟು ಕುಸ್ಟೊರವರು ಮೊದಲು ಅರಸಿದ್ದು ಮುಳುಗಿದ ಹಡಗುಗಳನ್ನು. 1943ರಲ್ಲಿಯೇ ಈ ವಿಷಯವಾಗಿ ಚಲನಚಿತ್ರವೊಂದನ್ನು ತಯಾರಿಸಿದರು. ಬರಿಯ ಮರಳಿನ ತಳದಲ್ಲಿ ಆಸರೆಯಿಲ್ಲದ ಜೀವಿಗಳಿಗೆ ಮುಳುಗಿದ ಹಡಗು ಒಂದು ಬಂಡೆಯಿದ್ದಂತೆ. ಮೊದಲು ಪಾಚಿ, ಬಳಿಕ ಸುಣ್ಣದ ಗೂಡು ಕಟ್ಟುವ ಹುಳುಗಳು, ಸ್ಪಂಜುಗಳು, ಬೀಸಣಿಗೆಯಂತೆ ಹರಡುವ ಹವಳಗಳು, ಅವುಗಳ ಬೆನ್ನಿಗೆ ಮೀನಿನ ಹಿಂಡುಗಳು ಅಲ್ಲಿ ನೆಲೆಗೊಳ್ಳುತ್ತವೆ. ಮರಳಿನ ಮೇಲೆ ತೆರೆದುಕೊಂಡಿರುವ ಮರವನ್ನು ಹಡಗುಹುಳು ತಿಂದುಹಾಕುತ್ತದೆ. ಹೂಳಿನಡಿಯಲ್ಲಿ ಹುದುಗಿದ ಮರವು ಎರಡು ಸಾವಿರ ವರ್ಷ ಕಳೆದರೂ ಉಳಿಯುತ್ತದೆ. ಹೀಗೆ ಜೀವಿಗಳು ಒಂದೆಡೆ ಅವಶೇಷವನ್ನು ಕಬಳಿಸುತ್ತವೆ, ಇನ್ನೊಂದೆಡೆ ಅದರ ಮೇಲೆ ಹೊದಿಕೆಯನ್ನೂ ಹೊಂದಿಸುತ್ತವೆ.

1948ರಲ್ಲಿ ತಾಯ್ಯೇ, ದ್ಯೂಮಾ ಮತ್ತು ಕುಸ್ಟೊರವರನ್ನೊಳಗೊಂಡ ಫ್ರೆಂಚ್ ನೌಕಾಪಡೆಯ ತಂಡವು ಟ್ಯುನೀಸಿಯಾದ ಮಹ್ದಿಯಾ ಕರಾವಳಿಗೆ ತೆರಳಿತು. ಅಲ್ಲಿ ಸುಮಾರು 40 ಮೀಟರ್ ಆಳದಲ್ಲಿ, ಅಮೃತಶಿಲೆಯ ಕಂಬಗಳನ್ನು ಹೇರಿಕೊಂಡು ಕ್ರಿ.ಪೂ. 1ನೇ ಶತಮಾನದಲ್ಲಿ ಮುಳುಗಿದ ಹಡಗನ್ನು ಸ್ಪಂಜು ತೆಗೆಯುವವರು 1907ರಲ್ಲಿಯೇ ಕಂಡಿದ್ದರು. ಶಿರಸ್ತ್ರಾಣ ತೊಟ್ಟ ಮುಳುಗುಗಾರರ ನೆರವಿನಿಂದ ಅಂದು ಹಲವು ಕಂಚಿನ ಪ್ರತಿಮೆಗಳನ್ನು ಮೇಲೆತ್ತಲಾಗಿತ್ತು. ಹಳೆಯ ಟಿಪ್ಪಣಿಗಳ ಗುರುತು ಹಿಡಿದು ಜಾಗವನ್ನು ಹುಡುಕುವುದರಲ್ಲೇ ಕುಸ್ಟೊ ತಂಡದ ಅನೇಕ ದಿನಗಳು ಕಳೆದುಹೋದವು. ಆದರೂ ಸ್ವತಂತ್ರವಾಗಿ ಈಜುವ ಮುಳುಗುಗಾರರು ಪ್ರಾಚೀನ ಹಡಗೊಂದರ ಅವಶೇಷಗಳ ನಡುವೆ ಕೆಲಸ ಮಾಡಬಲ್ಲರು ಎಂಬುದು ಇಲ್ಲಿ ಸಿದ್ಧವಾಯಿತು.

ಗ್ರಾಂ ಕೋಂಗ್ಲುವೆ ಉತ್ಖನನ

1950ರಲ್ಲಿ ಕುಸ್ಟೊರವರಿಗೆ ಕ್ಯಾಲಿಪ್ಸೊ ಎಂಬ ನೌಕೆ ದೊರೆಯಿತು. ಇದು ಯುದ್ಧಕಾಲದಲ್ಲಿ ಸಿಡಿಗುಂಡುಗಳನ್ನು ತೆರವುಗೊಳಿಸಲು ಅಮೆರಿಕದಲ್ಲಿ ನಿರ್ಮಿಸಿ, ಆನಂತರ ಮಾಲ್ಟಾ ದ್ವೀಪದಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಮರದ ಹಡಗು. ಅದನ್ನು ಖರೀದಿಸಿದ ಲೋಯೆಲ್ ಗಿನ್ನೆಸ್‌ರವರು ವರ್ಷಕ್ಕೆ ಒಂದು ಫ್ರಾಂಕ್ ಎಂಬ ನಾಮಮಾತ್ರದ ಬಾಡಿಗೆಗೆ ಕುಸ್ಟೊರವರಿಗೆ ಒಪ್ಪಿಸಿದರು.

ಮಾರ್ಸೇಲ್ಸ್ ನಗರದ ಎದುರಿಗೆ ಗ್ರಾಂ ಕೋಂಗ್ಲುವೆ ಎಂಬ ಬೋಳು ಸುಣ್ಣಕಲ್ಲಿನ ಪುಟ್ಟ ದ್ವೀಪವಿದೆ. ಅದರ ಬುಡದಲ್ಲಿ ಮಣ್ಣಿನ ಜಾಡಿಗಳು ರಾಶಿಬಿದ್ದಿರುವ ಸಂಗತಿಯನ್ನು ಆಳದ ಕಾಯಿಲೆಗೆ ತುತ್ತಾಗಿದ್ದ ಮುಳುಗುಗಾರರೊಬ್ಬರು ದ್ಯೂಮಾರವರಿಗೆ ತಿಳಿಸಿದ್ದರು. ಆ ವ್ಯಕ್ತಿಗೆ ಜಾಡಿಗಳಿಗಿಂತ ಅಲ್ಲಿ ಹೇರಳವಾಗಿದ್ದ ಲಾಬ್‌ಸ್ಟರ್‌ಗಳ ಬಗ್ಗೆಯೇ ಹೆಚ್ಚಿನ ಆಸಕ್ತಿಯಿತ್ತು. 1952ರಲ್ಲಿ ಕ್ಯಾಲಿಪ್ಸೊ ನೌಕೆಯು ಅಲ್ಲಿಗೆ ಬಂದಿತು. ಜಾಡಿಗಳೆಂದರೆ, ದ್ರಾಕ್ಷಾರಸವನ್ನು ತುಂಬಿ ಹಡಗಿನಲ್ಲಿ ಸಾಗಿಸಲು ಗ್ರೀಕರು ಮತ್ತು ರೋಮನ್ನರು ಬಳಸುತ್ತಿದ್ದ, ಎರಡು ಹಿಡಿಗಳುಳ್ಳ, ಚೂಪು ಬುಡದ ಆಂಫೊರಾಗಳು. ಅವುಗಳ ಜೊತೆಗೆ ಕಪ್ಪು ಮೆರುಗಿನ ಊಟದ ಬಟ್ಟಲುಗಳೂ ಸಾವಿರಾರು ಸಂಖ್ಯೆಯಲ್ಲಿದ್ದವು.

ಮೆಡಿಟರೇನಿಯನ್ ಸಮುದ್ರದ ಆಕ್ಟೋಪಸ್‌ಗಳಿಗೆ ಖಾಲಿ ಆಂಫೊರಾದಷ್ಟು ಪ್ರಿಯವಾದ ಮನೆ ಇನ್ನೊಂದಿಲ್ಲ. ಜಾಡಿಯೊಳಗೆ ಸೇರಿಕೊಂಡು, ಸುತ್ತಲಿನ ಕಲ್ಲು, ಚಿಪ್ಪು ಮತ್ತು ಒಡಕು ಚೂರುಗಳನ್ನು ಬಾಯಿಗೆ ಅಡ್ಡಲಾಗಿ ಎಳೆದಿಟ್ಟುಕೊಳ್ಳುತ್ತವೆ. ಹಡಗು ಮುಳುಗಿದಾಗ ಒಂದು ಕಡೆ ಬಿದ್ದ ಚೂರು ಹೀಗೆ ಇನ್ನೊಂದು ಕಡೆಗೆ ಸ್ಥಳಾಂತರಗೊಳ್ಳುತ್ತದೆ. ನೆಲದ ಮೇಲಿನ ಉತ್ಖನನದಲ್ಲಿ ಹೆಗ್ಗಣದ ಬಿಲಗಳು ಪದರಗಳನ್ನು ಕಲಸಿದಂತೆಯೇ ಇದು. ಆಂಫೊರಾದ ಹೊರಮೈಯನ್ನು ಆವರಿಸಿದ ಸುಣ್ಣದ ಹೊದಿಕೆಯನ್ನು ಸುಮ್ಮನೆ ಕೆರೆದುಹಾಕಿದರೆ, ಜಾಡಿಯ ಯಾವ ಭಾಗ ಮರಳಿನ ಮೇಲಿತ್ತು, ಯಾವ ಭಾಗ ಹೂತುಹೋಗಿತ್ತು ಎಂಬ ಮಾಹಿತಿಯೂ ಅದರೊಂದಿಗೆ ಹೊರಟುಹೋಗುತ್ತದೆ.

ಉತ್ಖನನವು 1957ರವರೆಗೆ ನಡೆಯಿತು. ಬೆಟ್ಟದ ಬುಡದ ಇಳಿಜಾರಿನಲ್ಲಿ, ಸುಮಾರು 30ರಿಂದ 45 ಮೀಟರ್ ಆಳದಲ್ಲಿ, ಮುಳುಗುಗಾರರು ಒಂದು ಬಾರಿಗೆ ಕೆಲವೇ ನಿಮಿಷಗಳ ಕಾಲ ಕೆಲಸ ಮಾಡಬಹುದಾಗಿತ್ತು. ದ್ವೀಪದ ಬಂಡೆಯ ಮೇಲೆ ಶಿಬಿರವನ್ನು ಸ್ಥಾಪಿಸಿ, ಗಾಳಿಯ ಬಲದಿಂದ ಹೂಳನ್ನು ಮೇಲಕ್ಕೆ ಹೀರುವ ದೊಡ್ಡ ಕೊಳವೆಯನ್ನು ಅಳವಡಿಸಲಾಯಿತು. ನೀರಿನೊಳಗಿನ ಟೆಲಿವಿಷನ್ ಕ್ಯಾಮೆರಾವನ್ನೂ ಬಳಸಲಾಯಿತು. 1952ರಲ್ಲಿ, ಕಳೆದುಹೋದ ಲಂಗರನ್ನು ಹುಡುಕಲು ಇಳಿದ ಯುವ ಮುಳುಗುಗಾರ ಜಾನ್ ಪಿಯರ್ ಸರ್ವಾಂಟಿಯವರು ಜೀವಂತವಾಗಿ ಮೇಲೆ ಬರಲಿಲ್ಲ. ಸಾವಿರಕ್ಕೂ ಹೆಚ್ಚು ಆಂಫೊರಾಗಳು ದಡ ಸೇರಿದವು. ಪತ್ರಿಕೆಗಳು ಅವುಗಳ ಚಿತ್ರಗಳನ್ನು ಪ್ರಕಟಿಸಿದವು, ಜನರು ಬೆರಗಾದರು.

ಲೋಪವಿದ್ದುದು ಬೇರೆಡೆ. ಉತ್ಖನನದ ಹೊಣೆ ಹೊತ್ತಿದ್ದ ಪುರಾತತ್ತ್ವ ವಿದ್ವಾಂಸ ಫೆರ್ನಾಂ ಬೆನ್ವಾರವರು ನೀರಿಗೆ ಇಳಿಯುತ್ತಿರಲಿಲ್ಲ. ತಳದಲ್ಲಿದ್ದವರು ಧೈರ್ಯಶಾಲಿ ಮುಳುಗುಗಾರರು, ಆದರೆ ಪುರಾತತ್ತ್ವಜ್ಞರಲ್ಲ. ಯಾವ ಜಾಡಿ ಯಾವುದರ ಕೆಳಗಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬ ನಕ್ಷೆಯನ್ನು ಕ್ರಮಬದ್ಧವಾಗಿ ಸಿದ್ಧಪಡಿಸಲಿಲ್ಲ. ಕೊಳವೆಯ ಮೂಲಕ ಮೇಲೆ ಬಂದ ಸಣ್ಣ ವಸ್ತುಗಳು ಮೇಲೆ ತಲುಪಿದ ಮೇಲಷ್ಟೇ ಕಣ್ಣಿಗೆ ಬೀಳುತ್ತಿದ್ದವು. ಹಲವು ಆಂಫೊರಾಗಳ ಕತ್ತಿನ ಮೇಲೆ ಸೆಸ್ಟಿಯಸ್ ಎಂಬ ರೋಮನ್ ಮನೆತನದ ಮುದ್ರೆಯಿತ್ತು. ಇದರ ಆಧಾರದಿಂದ ಆ ಮನೆತನದ ವರ್ತಕನೊಬ್ಬನ ಹಡಗು ಗ್ರೀಸಿನ ಡೆಲೋಸ್ ದ್ವೀಪದಿಂದ ಹೊರಟು, ಇಟಲಿಯಲ್ಲಿ ಸರಕು ತುಂಬಿಕೊಂಡು ಇಲ್ಲಿ ಒಡೆದುಹೋಯಿತು ಎಂಬ ಸೊಗಸಾದ ಕಥೆ ರೂಪುಗೊಂಡಿತು. ಕುಸ್ಟೊರವರು ಅದರ ಜಾಡು ಹಿಡಿದು ಡೆಲೋಸ್‌ಗೂ ಪ್ರಯಾಣ ಬೆಳೆಸಿದರು.

ಆದರೆ ಬಟ್ಟಲುಗಳ ಕಾಲಕ್ಕೂ ಮುದ್ರೆಯಿದ್ದ ಜಾಡಿಗಳ ಕಾಲಕ್ಕೂ ಹೊಂದಿಕೆಯಾಗಲಿಲ್ಲ. ವಿದ್ವಾಂಸರಲ್ಲಿ ದಶಕಗಳ ಕಾಲ ವಾದವಿವಾದಗಳು ನಡೆದವು. 1980ರ ದಶಕದಲ್ಲಿ ದಾಖಲೆಗಳನ್ನೂ ವಸ್ತುಗಳನ್ನೂ ಮರುಪರಿಶೀಲಿಸಿದ ಲುಕ್ ಲಾಂಗ್‌ರವರು, ಅಲ್ಲಿದ್ದುದು ಒಂದಲ್ಲ, ಒಂದರ ಮೇಲೊಂದು ಮುಳುಗಿದ ಎರಡು ಹಡಗುಗಳು ಎಂಬುದನ್ನು ತೋರಿಸಿದರು. ಮೊದಲನೆಯದು ಸುಮಾರು ಕ್ರಿ.ಪೂ. 200ರ ಆಸುಪಾಸಿನದು. ಸೆಸ್ಟಿಯಸ್ ಜಾಡಿಗಳನ್ನು ಹೊತ್ತ ಎರಡನೆಯದು ಅದಕ್ಕಿಂತ ಸುಮಾರು ಒಂದು ಶತಮಾನದಷ್ಟು ಈಚಿನದು. ಮೇಲೆತ್ತಿದ ಜಾಡಿಗಳು ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದ್ದರೂ, ಅವು ಪರಸ್ಪರ ಯಾವ ಸ್ಥಾನದಲ್ಲಿದ್ದವು ಎಂಬ ಒಂದು ಅಂಶ ದಾಖಲಾಗದೆ ಹೋದುದರಿಂದ ಇಷ್ಟೆಲ್ಲ ಗೊಂದಲ ಉಂಟಾಯಿತು. ಒಮ್ಮೆ ಉತ್ಖನನ ಮಾಡಿದ ಸ್ಥಳವನ್ನು ಮತ್ತೊಮ್ಮೆ ಮೊದಲಿನಂತೆ ಉತ್ಖನನ ಮಾಡಲಾಗದು.

ಈ ಕಾರಣಕ್ಕಾಗಿ ಕುಸ್ಟೊರವರನ್ನು ಹೀಗಳೆಯುವುದು ನ್ಯಾಯವೆನಿಸದು. ಅವರಿಗೆ ಮುಂಚೆ ಇಂತಹ ಕೆಲಸ ಮಾಡಿದವರಿರಲಿಲ್ಲ, ಅನುಸರಿಸಲು ಮಾದರಿಯೂ ಇರಲಿಲ್ಲ. ಇದಕ್ಕಿಂತ ಹೆಚ್ಚಿನ ಹಾನಿ ಬೇರೆಯವರಿಂದ ಆಯಿತು. ಆಕ್ವಾಲಂಗ್ ಅಂಗಡಿಗಳಲ್ಲಿ ಸುಲಭವಾಗಿ ದೊರೆಯತೊಡಗಿದಂತೆ, ಫ್ರಾನ್ಸಿನ ದಕ್ಷಿಣ ಕರಾವಳಿಯ ಅನೇಕ ಪ್ರಾಚೀನ ಹಡಗುಗಳ ಆಂಫೊರಾಗಳು ಹವ್ಯಾಸಿ ಮುಳುಗುಗಾರರ ಮನೆಯ ಅಲಂಕಾರದ ವಸ್ತುಗಳಾದವು. ಸಾವಿರಾರು ವರ್ಷಗಳಿಂದ ಯಾರ ಕೈಗೂ ಸಿಗದಿದ್ದ ಸ್ಥಳಗಳು ಒಂದೆರಡು ಬೇಸಿಗೆಗಳಲ್ಲಿ ಬರಿದಾದವು.

ಮುಂದಿನ ಬದಲಾವಣೆಗಳು ಹಾಗೂ ಭಾರತ

1960ರಲ್ಲಿ ಟರ್ಕಿಯ ಗೆಲಿಡೋನ್ಯಾ ಭೂಶಿರದ ಬಳಿ, ಸುಮಾರು ಕ್ರಿ.ಪೂ. 1200ರ ಕಾಲದ ಹಡಗಿನ ಉತ್ಖನನವನ್ನು ಅಮೆರಿಕದ ಜಾರ್ಜ್ ಬಾಸ್‌ರವರು ಕೈಗೊಂಡರು. ಅವರು ಪುರಾತತ್ತ್ವಜ್ಞರಾಗಿದ್ದು, ಮುಳುಗುವುದನ್ನು ಕಲಿತು ತಾವೇ ತಳಕ್ಕಿಳಿದರು. ನೆಲದ ಉತ್ಖನನದಲ್ಲಿ ಅನುಸರಿಸುವ ಅಳತೆ, ನಕ್ಷೆ ಮತ್ತು ಛಾಯಾಚಿತ್ರಗಳ ಕ್ರಮವನ್ನೇ ಅಲ್ಲಿಯೂ ಪಾಲಿಸಿದರು. ಆ ತಂಡದ ಮುಖ್ಯ ಮುಳುಗುಗಾರರು ಬೇರಾರೂ ಅಲ್ಲ, ಕುಸ್ಟೊರವರ ಒಡನಾಡಿ ದ್ಯೂಮಾರವರು. ಫ್ರಾನ್ಸ್ ಸರ್ಕಾರವು 1966ರಲ್ಲಿ ನೀರಿನೊಳಗಿನ ಪುರಾತತ್ತ್ವ ಸಂಶೋಧನೆಗೆಂದೇ ಪ್ರತ್ಯೇಕ ವಿಭಾಗವನ್ನು ಮಾರ್ಸೇಲ್ಸ್ ನಗರದಲ್ಲಿ ಸ್ಥಾಪಿಸಿತು. ಕುಸ್ಟೊರವರು ಸ್ವತಃ 1976ರಲ್ಲಿ ಗ್ರೀಸಿನ ಆಂಟಿಕಿಥೆರಾ ಹಡಗಿನ ಅವಶೇಷಗಳಲ್ಲಿ ಕೆಲಸ ಮಾಡುವಾಗ ಅಲ್ಲಿನ ಪುರಾತತ್ತ್ವ ಅಧಿಕಾರಿಗಳ ಜೊತೆಗೂಡಿ ನಡೆದರು. ಅಲ್ಲಿ ದೊರೆತ ಪೆರ್ಗಮಾನ್ ಮತ್ತು ಎಫೆಸಸ್ ನಗರಗಳ ನಾಣ್ಯಗಳು ಆ ಹಡಗು ಕ್ರಿ.ಪೂ. 1ನೇ ಶತಮಾನದ್ದೆಂದು ನಿರ್ಧರಿಸಲು ನೆರವಾದವು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರು ಕನ್ನಡಿಗರೇ ಆದ ಡಾ. ಶಿಕಾರಿಪುರ ರಂಗನಾಥ ರಾವ್‌ರವರು (1922–2013) ಎಂಬುದು ಹೆಮ್ಮೆಯ ವಿಷಯ. ಲೋಥಲ್ ಉತ್ಖನನದಿಂದ ಖ್ಯಾತರಾದ ಅವರು, ಸೇವೆಯಿಂದ ನಿವೃತ್ತರಾದ ಮೇಲೆ 1981ರಿಂದ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವದ ಕಾರ್ಯವನ್ನು ಆರಂಭಿಸಿ ಗುಜರಾತಿನ ದ್ವಾರಕೆಯ ಕಡಲತಳದ ಶೋಧನೆಯ ನೇತೃತ್ವ ವಹಿಸಿದರು. ಅಲ್ಲಿನ ನೀರು ಮೆಡಿಟರೇನಿಯನ್‌ನಷ್ಟು ತಿಳಿಯಾದುದಲ್ಲ. ಕಲ್ಲಿನ ಲಂಗರುಗಳನ್ನೂ ಕಟ್ಟಡದ ಕಲ್ಲುಗಳನ್ನೂ ದಟ್ಟವಾದ ಕಡಲಸಸ್ಯಗಳು ಮುಚ್ಚಿರುತ್ತವೆ. ಮುಳುಗುಗಾರರು ಅವುಗಳನ್ನು ಸರಿಸಿದ ಬಳಿಕವೇ ಆಕಾರಗಳು ಗೋಚರಿಸುತ್ತವೆ. ಈ ಅವಶೇಷಗಳು ಅತಿ ಪ್ರಾಚೀನವೆಂದು ರಾವ್‌ರವರು ಅಭಿಪ್ರಾಯಪಟ್ಟರು. ಅಲ್ಲಿನ ಲಂಗರುಗಳಲ್ಲಿ ಅನೇಕವು ಬಹಳ ಈಚಿನ ಕಾಲದವೆಂದು ಅದೇ ಸಂಸ್ಥೆಯ ಮುಂದಿನ ತಲೆಮಾರಿನ ಸಂಶೋಧಕರು ವಾದಿಸಿದ್ದಾರೆ. ಲಂಗರು ಎಂಬುದು ತಾನಾಗಿ ತನ್ನ ವಯಸ್ಸನ್ನು ಹೇಳದು. ಅದು ಬಿದ್ದಿರುವ ಜಾಗ ಮತ್ತು ಅಕ್ಕಪಕ್ಕದ ವಸ್ತುಗಳೇ ಅದರ ಸಾಕ್ಷಿ. ಲಂಗರುಗಳನ್ನು ಯಾರಾದರೂ ನೆನಪಿನ ಕಾಣಿಕೆಯೆಂದು ಹೊತ್ತೊಯ್ದಿದ್ದಲ್ಲಿ ಈ ಚರ್ಚೆಗೆ ಅವಕಾಶವೇ ಇರುತ್ತಿರಲಿಲ್ಲ.

ಅರ್ಜಿದಾರರಿಗೆ ಕೇಳುವ ಪ್ರಶ್ನೆಯ ಹಿನ್ನೆಲೆ ಇದೇ. ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ, 1972ರ ಅನ್ವಯ, ಸಾಮಾನ್ಯವಾಗಿ ನೂರು ವರ್ಷಗಳಿಗೆ ಕಡಿಮೆಯಿಲ್ಲದ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿ ವ್ಯಕ್ತಿಗಳು ಅವುಗಳನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಮೀನಿನ ಬಲೆಗೆ ಸಿಕ್ಕ ಕಲ್ಲು, ಮುಳುಗಿದಾಗ ಕಂಡ ಮಣ್ಣಿನ ಪಾತ್ರೆ ಮುಂತಾದವುಗಳ ವಿಷಯದಲ್ಲಿ ಸ್ಥಳದ ಗುರುತನ್ನು ಬರೆದಿಟ್ಟುಕೊಂಡು ತಿಳಿಸಿದಲ್ಲಿ ತಜ್ಞರಿಗೆ ಉಪಕಾರವಾಗುತ್ತದೆ.

ಕಡಲಿನ ಜೀವಿಗಳ ಪರವಾಗಿ

ಕುಸ್ಟೊರವರ ದೃಷ್ಟಿ ಬದಲಾದುದು ಪುರಾತತ್ತ್ವದಲ್ಲಿ ಮಾತ್ರವಲ್ಲ. ಲೂಯಿ ಮಾಲ್‌ರವರೊಡನೆ ನಿರ್ಮಿಸಿದ ಮೌನ ಜಗತ್ತು ಎಂಬ ಅರ್ಥದ ಶೀರ್ಷಿಕೆಯ ಚಿತ್ರವು 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ಮರುವರ್ಷ ಆಸ್ಕರ್ ಪ್ರಶಸ್ತಿಯನ್ನೂ ಗಳಿಸಿತು. ಅದೇ ಚಿತ್ರದಲ್ಲಿ, ಮೀನುಗಳ ಎಣಿಕೆಗಾಗಿ ಹವಳದ ದಿಬ್ಬದಲ್ಲಿ ಸಿಡಿಮದ್ದು ಸ್ಫೋಟಿಸುವ ಮತ್ತು ಶಾರ್ಕ್‌ಗಳನ್ನು ಬಡಿದು ಕೊಲ್ಲುವ ದೃಶ್ಯಗಳಿವೆ. ಇಂದಿನ ಪ್ರೇಕ್ಷಕರಿಗೆ ಅವುಗಳನ್ನು ನೋಡುವುದೇ ಕಷ್ಟ. ನಾಲ್ಕೇ ವರ್ಷಗಳ ತರುವಾಯ, 1960ರಲ್ಲಿ, ಮೆಡಿಟರೇನಿಯನ್ ಸಮುದ್ರದಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಸುರಿಯುವ ಯೋಜನೆಯ ವಿರುದ್ಧ ಅವರು ದನಿಯೆತ್ತಿದರು, ಯೋಜನೆ ಕೈಬಿಡಲ್ಪಟ್ಟಿತು. ವರ್ಷದಿಂದ ವರ್ಷಕ್ಕೆ ಅದೇ ಸ್ಥಳಗಳಲ್ಲಿ ಮುಳುಗುತ್ತಿದ್ದ ಅವರಿಗೆ ಮೀನುಗಳು ಕಡಿಮೆಯಾಗುತ್ತಿರುವುದು ಅರಿವಾಗಿತ್ತು. ಟೆಲಿವಿಷನ್ ಸರಣಿಗಳ ಮೂಲಕ ಕೋಟ್ಯಂತರ ವೀಕ್ಷಕರನ್ನು ತಲುಪಿದರು. 1973ರಲ್ಲಿ ಸಮುದ್ರ ಸಂರಕ್ಷಣೆಗಾಗಿ ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. 1957ರಿಂದ 1988ರವರೆಗೆ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದರು. 1988ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು.

ಕೊನೆಯ ವರ್ಷಗಳು ಸುಖಕರವಾಗಿರಲಿಲ್ಲ. ಕಿರಿಯ ಮಗ ಫಿಲಿಪ್ 1979ರಲ್ಲಿ ಲಿಸ್ಬನ್ ಬಳಿ ವಿಮಾನ ಅಪಘಾತದಲ್ಲಿ ಮರಣ ಹೊಂದಿದರು. ಕ್ಯಾಲಿಪ್ಸೊ ನೌಕೆಯಲ್ಲಿ ಪತಿಗಿಂತಲೂ ಹೆಚ್ಚು ಕಾಲ ಕಳೆದವರೆಂದು ಹೆಸರಾಗಿದ್ದ ಸಿಮೋನ್‌ರವರು 1990ರಲ್ಲಿ ನಿಧನರಾದರು. 1996ರ ಜನವರಿಯಲ್ಲಿ ಕ್ಯಾಲಿಪ್ಸೊ ಸಿಂಗಾಪುರ ಬಂದರಿನಲ್ಲಿ ಬಾರ್ಜ್ ತಾಗಿ ಮುಳುಗಿತು. ಅದನ್ನು ಮೇಲೆತ್ತಲಾಯಿತಾದರೂ ಕುಸ್ಟೊರವರು ಅದರಲ್ಲಿ ಮತ್ತೆ ಯಾನ ಮಾಡಲಿಲ್ಲ. 1997ರ ಜೂನ್ 25ರಂದು, 87ನೆಯ ವಯಸ್ಸಿನಲ್ಲಿ, ಪ್ಯಾರಿಸ್ ನಗರದಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟೂರಿನಲ್ಲಿ ಅವರ ಸಮಾಧಿಯಿದೆ.

ಮನುಷ್ಯರು ಸಮುದ್ರದೊಳಗೆ ವಾಸಿಸಬಲ್ಲರೇ ಎಂಬುದನ್ನು ಪರೀಕ್ಷಿಸಲು ಅವರು 1963ರಲ್ಲಿ ಕೆಂಪು ಸಮುದ್ರದ ಸುಡಾನ್ ಕರಾವಳಿಯ ಶಾಬ್ ರೂಮಿ ಎಂಬ ಹವಳದ ದಿಬ್ಬದಲ್ಲಿ ಸುಮಾರು ಹತ್ತು ಮೀಟರ್ ಆಳದಲ್ಲಿ ಉಕ್ಕಿನ ಮನೆಗಳನ್ನು ನಿಲ್ಲಿಸಿ, ಒಂದು ತಿಂಗಳ ಕಾಲ ತಂಡವನ್ನು ಅಲ್ಲಿ ಇರಿಸಿದ್ದರು. ಆ ಪ್ರಯೋಗದ ಕಿರು ಜಲಾಂತರ್ಗಾಮಿಯ ತಂಗುದಾಣವೂ ಇತರ ಕೆಲವು ಭಾಗಗಳೂ ಅಲ್ಲಿಯೇ ಉಳಿದವು. ಅವುಗಳ ಮೇಲೆ ಹವಳ ಮತ್ತು ಸ್ಪಂಜುಗಳು ಬೆಳೆದು, ಒಳಗೆ ಮೀನುಗಳು ನೆಲೆಸಿ, ಮುಳುಗುಗಾರರು ದೂರದಿಂದ ಬಂದು ನೋಡುವ ತಾಣವಾಗಿದೆ. ನೂರು ವರ್ಷಗಳ ಕಾಲ ನೀರಿನಡಿಯಲ್ಲಿರುವ ಮಾನವ ಕುರುಹುಗಳನ್ನು ಯುನೆಸ್ಕೊದ 2001ರ ಒಡಂಬಡಿಕೆಯು ನೀರಿನೊಳಗಿನ ಸಾಂಸ್ಕೃತಿಕ ಪರಂಪರೆಯೆಂದು ಪರಿಗಣಿಸುತ್ತದೆ. ಶಾಬ್ ರೂಮಿಯ ಈ ಅವಶೇಷಗಳು 2063ರಲ್ಲಿ ಆ ವಯಸ್ಸನ್ನು ತಲುಪಲಿವೆ.